ಮಂಗನ ಕಾಯಿಲೆ ಮತ್ತು ಕಿಟಕಿಯ ಮೇಲಿನ ಎಣ್ಣೆ ಬಾಟಲಿ

ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಕೊರೋನಾ ಮುಗಿದ ಮೇಲೆ ಒಂದು ಬೇಸಿಗೆಯಲ್ಲಿ ನಮ್ಮೂರಿನ ಒಬ್ಬರಿಗೆ ಮಂಗನ ಕಾಯಿಲೆ ಬಂತು. ಅವರ ಮನೆ ಕಡೆ ಯಾರೂ ತಲೆ ಹಾಕಲಿಲ್ಲ. ಹಾಲು ಹಾಕುವ ಹುಡುಗ ಕೂಡ ಬೇಲಿ ಹತ್ತಿರವೇ ಪಾತ್ರೆ ಇಟ್ಟು ಓಡಿದ. ಹೀಗೆ ಹೆದರಿದವರೇ ಮರುದಿನ ಬೆಳಿಗ್ಗೆ ಕಾಡಿಗೆ ಹೋಗಿ ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ) ಗುಡಿಸಿ ತಂದರು!

ಇದು ಕೊರೋನಾ ಥರ ಅಲ್ಲ, ಕ್ಷಯದ ಥರವೂ ಅಲ್ಲ. ರೋಗಿಯ ಉಸಿರು, ಕೆಮ್ಮಿನಿಂದ ಬರುವುದಿಲ್ಲ. ಅಂಟಿಸುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಇದು ಮೊದಲು ಪತ್ತೆಯಾಯಿತು. ಈ ಕಾಯಿಲೆಯಿಂದ ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಉದುರಿ ನೆಲದ ದರಕಿಗೆ ಸೇರುತ್ತವೆ. ಡಿಸೆಂಬರಿನಿಂದ ಮೇ ತನಕ ಮರಿ ಉಣುಗಿನ ಕಾಟ ಜಾಸ್ತಿ. ಎಳ್ಳಿಗಿಂತ ಚಿಕ್ಕವು, ಕಚ್ಚಿದ್ದೂ ಗೊತ್ತಾಗುವುದಿಲ್ಲ.

ಇಷ್ಟನ್ನೂ ಮನೆಮನೆಗೆ ಹೋಗಿ ಹೇಳಿದೆ. ಕಾಡಿಗೆ ಹೋಗುವ ಮೊದಲು ಮೈಗೆ ಹಚ್ಚಿಕೊಂಡರೆ ಉಣುಗನ್ನು ದೂರ ಇಡುವ ಡೇಪಾ ಎಣ್ಣೆಯ ಬಾಟಲಿಯನ್ನೂ ಕೊಟ್ಟೆ. ವಾರ ಬಿಟ್ಟು ನೋಡಿದರೆ ಬಾಟಲಿಗಳೆಲ್ಲ ಕಿಟಕಿಯ ಮೇಲೆ, ಮುಚ್ಚಳವನ್ನೂ ತೆಗೆದಿಲ್ಲ. ತಪ್ಪು ನನ್ನದೇ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಕೊಟ್ಟರೆ ಬೆಳಿಗ್ಗೆ ಯಾರಿಗೆ ನೆನಪಿರುತ್ತದೆ? ಆಮೇಲೆ ಆರೂವರೆಗೇ ಕಾಡಿನ ದಾರಿಯಲ್ಲಿ ನಿಲ್ಲತೊಡಗಿದೆ. ಕತ್ತಿ, ಬುಟ್ಟಿ ಹಿಡಿದು ಬಂದವರ ಕೈಗೆ ಅಲ್ಲೇ ಎಣ್ಣೆ ಸುರಿಯುತ್ತಿದ್ದೆ. "ಎಂತ ಮಾರಾಯ್ತಿ, ಬೆಳಿಗ್ಗೆ ಬೆಳಿಗ್ಗೆ ನಿನ್ನ ಕಾಟ" ಅಂತ ಬೈಸಿಕೊಂಡೆ. ಬೈದವರೂ ಹಚ್ಚಿಕೊಂಡರು.

ಸಂಜೆಯ ಕೆಲಸ ಸುಲಭವಾಯಿತು. ಹೇಗೂ ಬಚ್ಚಲ ಹಂಡೆಯಲ್ಲಿ ಬಿಸಿನೀರು ಇರುತ್ತದಲ್ಲ. ಕಾಡಿನಿಂದ ಬಂದವರು ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಬೇಕು ಅಂದೆ. ಹೆಂಗಸರು ಬೇಗ ಒಪ್ಪಿದರು.

ಕಷ್ಟವಾದದ್ದು ಜ್ವರದ ಲೆಕ್ಕ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿತ, ಮೈಕೈ ನೋವು ಬಂದವರನ್ನು ರಕ್ತ ಪರೀಕ್ಷೆಗೆ ಕಳಿಸುತ್ತೇನೆ. ಜ್ವರ ಬಿಟ್ಟ ಕೂಡಲೇ ಅವರು ತೋಟಕ್ಕೆ ಹೊರಟುಬಿಡುತ್ತಾರೆ. ಆದರೆ ಒಂದೆರಡು ವಾರ ಕಳೆದು ಕೆಲವರಿಗೆ ಮತ್ತೆ ಜ್ವರ ಬರುತ್ತದೆ, ಆಗ ನಡುಕ, ಮಂಪರು ಕೂಡ ಬರಬಹುದು. ಈ ವೈರಸ್ಸಿಗೆಂದೇ ಔಷಧಿ ಇಲ್ಲ, ಆಸ್ಪತ್ರೆಯ ಆರೈಕೆಯೇ ಗತಿ. ಅದಕ್ಕೇ ಅವರ ಮನೆಯ ಕ್ಯಾಲೆಂಡರಿನಲ್ಲೇ ಜ್ವರ ಬಿಟ್ಟ ದಿನಕ್ಕೆ ಸುತ್ತು ಹಾಕಿ ಬರುತ್ತೇನೆ.

ಆ ರೋಗಿ ಹುಷಾರಾದರು. ಹಾಲಿನ ಹುಡುಗ ಈಗ ಅವರ ಜಗಲಿಯಲ್ಲೇ ಕೂತು ಕಾಫಿ ಕುಡಿಯುತ್ತಾನೆ. ಎಣ್ಣೆ ಮಾತ್ರ ಇನ್ನೂ ಹಚ್ಚಿಕೊಳ್ಳುವುದಿಲ್ಲ, ಅಂಟಂಟು ಅಂತೆ.