ವಾಲ್‌ಡಾರ್ಫ್‌ಗೆ ಬರುವವರಿಗಾಗಿ ನಾವು ಬರೆದ ಕೈಪಿಡಿ

ಜರ್ಮನಿಯ ಹೈಡೆಲ್‌ಬರ್ಗ್‌ನ ದಕ್ಷಿಣಕ್ಕೆ ವಾಲ್‌ಡಾರ್ಫ್ ಅಂತ ಪುಟ್ಟ ಊರು. ಜನಸಂಖ್ಯೆ ಸುಮಾರು 15 ಸಾವಿರ. ಎಸ್‌ಎಪಿ ಅನ್ನುವ ಸಾಫ್ಟ್‌ವೇರ್ ಕಂಪನಿಯ ಮುಖ್ಯ ಕಚೇರಿ ಇಲ್ಲೇ ಇರುವುದರಿಂದ ಬೆಂಗಳೂರಿನವರು ಬರುತ್ತಲೇ ಇರುತ್ತಾರೆ. ಬಂದವರೆಲ್ಲ ಕೇಳುವುದು ಅದೇ ಪ್ರಶ್ನೆಗಳನ್ನು. ಹೇಳಿ ಹೇಳಿ ಸಾಕಾಗಿ ನಾವು ಕೆಲವರು ಕೂತು ಒಂದು ಕೈಪಿಡಿ ಬರೆದೆವು.

ನೋಡಬೇಕಾದ ಜಾಗಗಳ ಪಟ್ಟಿ ಬೇಡ ಅಂತ ಶುರುವಿನಲ್ಲೇ ತೀರ್ಮಾನಿಸಿದೆವು. ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಬಂದವರಿಗೆ ಯಾವುದು ಮೊದಲು ಬೇಕೋ ಅದು ಮೊದಲ ಪುಟದಲ್ಲಿ, ಅಷ್ಟೇ.

ಹಾಗಾಗಿ ಮೊದಲ ಪುಟ ಅನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ಮಾಡಿಸಬೇಕು. ಬಾಡಿಗೆ ಕರಾರು ಒಂದೇ ಸಾಲದು, ನೀವು ಅಲ್ಲಿ ವಾಸಕ್ಕೆ ಬಂದಿದ್ದೀರಿ ಅಂತ ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಅದರ ಕೆಳಗೇ ದಪ್ಪ ಅಕ್ಷರದಲ್ಲಿ ಒಂದು ಸಾಲು: ಅಂಚೆಪೆಟ್ಟಿಗೆ ಮೇಲೆ ನಿಮ್ಮ ಹೆಸರು ಅಂಟಿಸಿ. ನಮ್ಮೂರಲ್ಲಿ ಫ್ಲಾಟ್ ನಂಬರ್ ಇದ್ದರೆ ಸಾಕು. ಇಲ್ಲಿ ವಿಳಾಸದಲ್ಲಿ ಫ್ಲಾಟ್ ನಂಬರೇ ಸಾಮಾನ್ಯವಾಗಿ ಇರುವುದಿಲ್ಲ, ಹೆಸರು ಕಾಣದಿದ್ದರೆ ಕಾಗದ ವಾಪಸ್ ಹೋಗುತ್ತದೆ. ತೆರಿಗೆ ನಂಬರ್, ಆರೋಗ್ಯ ವಿಮೆಯ ಕಾರ್ಡ್ ಎಲ್ಲ ಬರುವುದು ಅಂಚೆಯಲ್ಲೇ. ಒಬ್ಬರ ಮನೆಯಲ್ಲಿ ರೂಮ್ ಹಿಡಿದವರಂತೂ ಇದನ್ನು ಮರೆಯಲೇಬಾರದು.

ಆಮೇಲೆ ಭಾನುವಾರದ ವಿಷಯ. ಅಂಗಡಿ ಬಾಗಿಲು ಮುಚ್ಚಿರುತ್ತವೆ. ಶನಿವಾರ ರಾತ್ರಿ ಇಳಿಯುವವರು ಅವಲಕ್ಕಿ ಕಟ್ಟಿಕೊಂಡು ಬನ್ನಿ ಅಂತ ಬರೆದೆವು. ತಮಾಷೆಗಲ್ಲ. ರೈಲು ನಿಲ್ದಾಣಕ್ಕೆ ವೀಸ್‌ಲೋಖ್-ವಾಲ್‌ಡಾರ್ಫ್ ಅಂತ ಹೆಸರು, ಎರಡೂ ಊರುಗಳ ನಡುವೆ ಇದೆ. ಸೂಟ್‌ಕೇಸ್ ಇದ್ದರೆ ಬಸ್ ಹತ್ತಿ.

ಡಾಕ್ಟರ ಹೆಸರು, ಅಂಗಡಿ ಸಮಯ ಯಾವುದನ್ನೂ ಹಾಕಲಿಲ್ಲ. ಬೇಗ ಹಳತಾಗುತ್ತವೆ. ಬದಲಿಗೆ ಎರಡು ನಂಬರ್ ಹಾಕಿದೆವು. ಜೀವಕ್ಕೆ ಅಪಾಯವಿದ್ದರೆ 112. ವಾರಾಂತ್ಯದಲ್ಲಿ ಜ್ವರ ಬಂದು, ಸೋಮವಾರದ ತನಕ ಕಾಯಲು ಆಗದಿದ್ದರೆ ರಜೆಯಲ್ಲೂ ಡಾಕ್ಟರನ್ನು ಹುಡುಕಿಕೊಡುವ 116117. ಈ ಎರಡನೆಯದು ಗೊತ್ತಿಲ್ಲದೆ ಸುಮ್ನೆ ಆಸ್ಪತ್ರೆಗೆ ಓಡಿ ಗಂಟೆಗಟ್ಟಲೆ ಕಾಯುವವರೇ ಜಾಸ್ತಿ.

ಕರಡನ್ನು ಪಕ್ಕದ ಮನೆಯ ಅಜ್ಜಿಗೆ ಜರ್ಮನ್‌ನಲ್ಲಿ ಓದಿ ಹೇಳಿದೆವು. ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಭಾನುವಾರ ಹಾಕಬಾರದು, ಸದ್ದಾಗುತ್ತದೆ ಅಂತ ಅವರೇ ಸೇರಿಸಿದರು. ಜೊತೆಗೆ, ‘ಆಸ್ಟರ್ ಎಲ್ಲಿ?’ ಅಂದರು. ಯೋಹಾನ್ ಯಾಕೋಬ್ ಆಸ್ಟರ್ 1763ರಲ್ಲಿ ಇಲ್ಲೇ, ಕಟುಕರ ಮನೆಯಲ್ಲಿ ಹುಟ್ಟಿದವನು. ಅಮೆರಿಕಕ್ಕೆ ಹೋಗಿ ತುಪ್ಪಳದ ವ್ಯಾಪಾರದಿಂದ ಭಾರೀ ಶ್ರೀಮಂತನಾದ. ಸಾಯುವಾಗ ಊರಿನ ಬಡವರಿಗೆ 50 ಸಾವಿರ ಡಾಲರ್ ಬಿಟ್ಟುಹೋದ. ಆ ಹಣದಲ್ಲಿ ಕಟ್ಟಿದ ಆಸ್ಟರ್‌ಹೌಸ್ ಇಂದಿಗೂ ಇದೆ. ಬಂದವರಿಗೆ ಇದರಿಂದ ಏನು ಉಪಯೋಗ ಅಂತ ನಮ್ಮಲ್ಲೇ ಜಗಳವಾಯಿತು. ಕೊನೆಗೆ ಇಟ್ಟುಕೊಂಡೆವು. ಊರಿನವರ ಜೊತೆ ಮಾತು ಶುರು ಮಾಡಲು ಹವಾಮಾನ ಬಿಟ್ಟು ಇನ್ನೊಂದು ವಿಷಯ ಬೇಕಲ್ವಾ?

ಕಿಂಡರ್‌ಗಾರ್ಟನ್ ಪುಟ ಇನ್ನೂ ಖಾಲಿ. ಅದನ್ನು ಮಕ್ಕಳಿರುವ ಮನೆಯವರೇ ಬರೆಯಲಿ ಅಂತ ಬಿಟ್ಟಿದ್ದೇವೆ.