ಪ್ಲೇಆಫ್‌ಗೆ ಮುನ್ನ ಟ್ರೇಡ್: ಫ್ಯಾಂಟಸಿ ಫುಟ್‌ಬಾಲ್‌ನ ಕೊನೆಯ ವಾರಗಳ ಲೆಕ್ಕಾಚಾರ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಪಂದ್ಯಾವಳಿಯಾದ ಎನ್‌ಎಫ್‌ಎಲ್‌ನ ಲೀಗ್ ಹಂತ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ 18 ವಾರ ನಡೆಯುತ್ತದೆ. ಅದನ್ನು ಆಧರಿಸಿದ ಫ್ಯಾಂಟಸಿ ಲೀಗಿನಲ್ಲಿ ಪ್ರತಿಯೊಬ್ಬರೂ ನಿಜವಾದ ಆಟಗಾರರನ್ನು ಆರಿಸಿ ತಮ್ಮದೇ ತಂಡ ಕಟ್ಟುತ್ತಾರೆ, ಆ ಆಟಗಾರರು ಮೈದಾನದಲ್ಲಿ ಆಡಿದಂತೆ ಇವರಿಗೆ ಅಂಕ ಸಿಗುತ್ತದೆ. ಇಂಥ ಲೀಗುಗಳಲ್ಲಿ ಹೆಚ್ಚಿನವು 14ನೇ ವಾರಕ್ಕೆ ಅಂಕಪಟ್ಟಿಯನ್ನು ಮುಗಿಸಿ, 15, 16 ಮತ್ತು 17ನೇ ವಾರಗಳಲ್ಲಿ ಮೇಲಿನ ತಂಡಗಳಿಗೆ ಪ್ಲೇಆಫ್ ಆಡಿಸುತ್ತವೆ. ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಟ್ರೇಡ್‌ನ ಗಡುವು ಸಾಮಾನ್ಯವಾಗಿ ನವೆಂಬರ್‌ನಲ್ಲಿ ಬರುತ್ತದೆ. ಕೊಡಗಿನಲ್ಲಿದ್ದುಕೊಂಡು, ಹೊರದೇಶದಲ್ಲಿರುವ ಅಣ್ಣತಮ್ಮಂದಿರ ಜೊತೆ ಇಂಥ ಲೀಗ್ ಆಡುವವರಿಗೆ ಅದೇ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗಿರುತ್ತದೆ, ಪುತ್ತರಿಯೂ ಹತ್ತಿರವಾಗಿರುತ್ತದೆ. ಹೀಗಾಗಿ ಗಮನ ಬೇರೆಡೆ ಇರುವಾಗಲೇ ಗಡುವು ದಾಟಿಹೋಗುವುದುಂಟು. ಆದ್ದರಿಂದ ಮೊದಲು ಲೀಗಿನ ನಿಯಮಗಳ ಪುಟವನ್ನು ತೆರೆದು ಗಡುವಿನ ದಿನಾಂಕ, ಟ್ರೇಡ್ ಒಪ್ಪಿಗೆಯಾದ ಮೇಲೆ ಎಷ್ಟು ದಿನ ಪರಿಶೀಲನೆಗೆ ಕಾಯಬೇಕು, ಎಷ್ಟು ತಂಡಗಳು ಪ್ಲೇಆಫ್‌ಗೆ ಹೋಗುತ್ತವೆ ಎಂಬ ಮೂರು ವಿಷಯಗಳನ್ನು ಬರೆದಿಟ್ಟುಕೊಳ್ಳಬೇಕು. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುವುದರಿಂದ, ಅಲ್ಲಿಂದ ಮುಂದೆ ಪೂರ್ವ ಕರಾವಳಿಯ ಸಮಯಕ್ಕೂ ನಮ್ಮ ಸಮಯಕ್ಕೂ ಹತ್ತೂವರೆ ಗಂಟೆಯ ಅಂತರವಿರುತ್ತದೆ ಎಂಬುದನ್ನೂ ನೆನಪಿಡಬೇಕು.

ಈ ಹಂತದ ಟ್ರೇಡ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಯಾವ ಆಟಗಾರ ಬೇಕು ಎಂಬುದಲ್ಲ, ಯಾವ ವಾರಕ್ಕೆ ಬೇಕು ಎಂಬುದು. ಸೆಪ್ಟೆಂಬರ್‌ನಿಂದ ಒಬ್ಬ ಆಟಗಾರ ಒಟ್ಟು ಎಷ್ಟು ಅಂಕ ಗಳಿಸಿದ್ದಾನೆ ಎಂಬುದು ಈಗ ಮುಗಿದ ಲೆಕ್ಕ. ಪ್ಲೇಆಫ್ ಎಂಬುದು ನಮ್ಮ ಕೊಡವ ಕೌಟುಂಬಿಕ ಹಾಕಿ ಉತ್ಸವದ ನಾಕೌಟ್ ಪಂದ್ಯಗಳ ಹಾಗೆ, ಹಿಂದಿನ ಗೆಲುವುಗಳು ಅಲ್ಲಿಯವರೆಗೆ ಕರೆತರುತ್ತವೆಯೇ ಹೊರತು ಆ ದಿನದ ಆಟದಲ್ಲಿ ಸಹಾಯಕ್ಕೆ ಬರುವುದಿಲ್ಲ. ನಿಮ್ಮ ತಂಡ ಅಂಕಪಟ್ಟಿಯಲ್ಲಿ ಎಲ್ಲಿದೆ ಎಂಬುದರ ಮೇಲೆ ಒಬ್ಬನೇ ಆಟಗಾರನ ಬೆಲೆ ನಿಮಗೊಂದು, ನಿಮ್ಮ ಎದುರಾಳಿಗೊಂದು ಆಗಿರುತ್ತದೆ. ಒಳ್ಳೆಯ ಟ್ರೇಡ್ ಹುಟ್ಟುವುದು ಈ ವ್ಯತ್ಯಾಸದಿಂದಲೇ.

ಹತ್ತು ವಾರ ಮುಗಿದಾಗ ಎಂಟು ಗೆದ್ದು ಎರಡು ಸೋತಿರುವ ತಂಡ ನಿಮ್ಮದು ಎಂದುಕೊಳ್ಳಿ. ಆಗ ನೀವು ಮುಂದಿನ ಒಂದೆರಡು ವಾರಗಳ ಅಂಕವನ್ನು ಧಾರಾಳವಾಗಿ ಬಿಟ್ಟುಕೊಡಬಹುದು. ಎನ್‌ಎಫ್‌ಎಲ್ ತಂಡಗಳಿಗೆ ಬೈ ವಾರಗಳು, ಅಂದರೆ ಪಂದ್ಯವಿಲ್ಲದ ವಿರಾಮದ ವಾರಗಳು, 14ನೇ ವಾರದ ಆಸುಪಾಸಿನವರೆಗೂ ಹಂಚಿಹೋಗಿರುತ್ತವೆ. ಇನ್ನೂ ಬೈ ಬಾಕಿ ಇರುವ ಉತ್ತಮ ಆಟಗಾರ, ಐದು ಗೆದ್ದು ಐದು ಸೋತಿರುವ ತಂಡದ ಒಡೆಯನಿಗೆ ತಲೆನೋವು, ಏಕೆಂದರೆ ಒಂದೇ ಒಂದು ಸೋಲು ಅವನನ್ನು ಹೊರಗಿಡಬಹುದು. ಗಾಯಗೊಂಡು ಮೀಸಲು ಪಟ್ಟಿಗೆ ಸೇರಿದ ಆಟಗಾರನೂ ಹಾಗೆಯೇ. ಆ ಪಟ್ಟಿಗೆ ಸೇರಿದವನು ಕನಿಷ್ಠ ನಾಲ್ಕು ಪಂದ್ಯ ಹೊರಗಿರಬೇಕಾಗುತ್ತದೆ, ಆದರೆ ಡಿಸೆಂಬರ್‌ನಲ್ಲಿ ಮರಳುವ ಲಕ್ಷಣವಿದ್ದರೆ ಪ್ಲೇಆಫ್‌ಗೆ ಸರಿಯಾಗಿ ಒದಗುತ್ತಾನೆ. ಇಂಥವರನ್ನು, ಈ ವಾರವೇ ಆಡಬಲ್ಲ ಇಬ್ಬರು ಸಾಧಾರಣ ಆಟಗಾರರನ್ನು ಕೊಟ್ಟು ಪಡೆಯುವುದು ಬಲವಾದ ತಂಡದ ಕೆಲಸ. ನಡುವಿನಲ್ಲಿರುವ ತಂಡ ಇದಕ್ಕೆ ತದ್ವಿರುದ್ಧವಾಗಿ ನಡೆಯಬೇಕು: ಬೈ ಮುಗಿಸಿದ, ಗಾಯವಿಲ್ಲದ, ಈ ವಾರವೇ ಕಣಕ್ಕಿಳಿಯುವವರನ್ನು ತೆಗೆದುಕೊಳ್ಳಬೇಕು, ಅದಕ್ಕಾಗಿ ಹೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಬೇಕಾದರೂ ಅಳುಕಬಾರದು. ಮೂರು ಗೆದ್ದು ಏಳು ಸೋತಿರುವ ತಂಡಕ್ಕೆ ದಾರಿ ಕಿರಿದು. ಉಳಿದ ಪಂದ್ಯಗಳನ್ನೆಲ್ಲ ಗೆದ್ದರೆ ಒಳಗೆ ಹೋಗುವ ಸಾಧ್ಯತೆ ಇದೆಯೇ ಎಂದು ನೋಡಿ, ಇದ್ದರೆ ಮಾತ್ರ ದೊಡ್ಡ ಟ್ರೇಡ್‌ಗೆ ಕೈಹಾಕಬೇಕು.

ಬೈ ವಾರಗಳು ಮುಗಿದ ಮೇಲೆ ಬೆಂಚಿನ ಬೆಲೆ ಥಟ್ಟನೆ ಇಳಿಯುತ್ತದೆ. ಬೆಂಚಿನಲ್ಲಿ ಕುಳಿತವನು ಗಳಿಸಿದ ಅಂಕ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ, ಎರಡನೇ ದರ್ಜೆಯ ಇಬ್ಬರನ್ನು ಕೊಟ್ಟು ಮೊದಲ ದರ್ಜೆಯ ಒಬ್ಬನನ್ನು ಪಡೆಯುವ ಟ್ರೇಡ್ ಈ ಹೊತ್ತಿನಲ್ಲಿ ಬಹುಪಾಲು ಲಾಭದ್ದು. ತೆರವಾದ ಜಾಗಕ್ಕೆ ಯಾರೂ ಆರಿಸಿಕೊಳ್ಳದೆ ಉಳಿದವರಿಂದ ಒಬ್ಬನನ್ನು ತಂದುಕೊಳ್ಳಬಹುದು. ಆ ಜಾಗಕ್ಕೆ ನನ್ನ ಆಯ್ಕೆ ನಿಮ್ಮ ಮುಖ್ಯ ರನ್ನಿಂಗ್ ಬ್ಯಾಕ್‌ಗೆ (ಚೆಂಡು ಹಿಡಿದು ಓಡುವ ಆಟಗಾರ) ಅವನ ಎನ್‌ಎಫ್‌ಎಲ್ ತಂಡದಲ್ಲಿರುವ ಬದಲಿ ಆಟಗಾರ. 2018ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡದ ಟಾಡ್ ಗರ್ಲಿ ಗಾಯದಿಂದ ಹೊರಗುಳಿದಾಗ, ಕೆಲವೇ ದಿನಗಳ ಹಿಂದೆ ತಂಡ ಸೇರಿದ್ದ ಸಿ.ಜೆ. ಆಂಡರ್ಸನ್ 16ನೇ ವಾರದಲ್ಲಿ ಅರಿಝೋನಾ ವಿರುದ್ಧ 167 ಗಜ ಓಡಿ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಗಳಿಸಿದರು. ರನ್ನಿಂಗ್ ಬ್ಯಾಕ್ ಸ್ಥಾನದಲ್ಲಿ ಅವಕಾಶ ಸಿಕ್ಕವನಿಗೆ ಅಂಕವೂ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಯಾರನ್ನು ಕೊಡಬೇಕು, ಯಾರನ್ನು ತರಬೇಕು ಎಂದು ತೂಗುವಾಗ ಟಚ್‌ಡೌನ್‌ಗಿಂತ ಅವಕಾಶಗಳನ್ನು ನೋಡಿ: ಎಸೆದ ಚೆಂಡನ್ನು ಹಿಡಿಯುವ ರಿಸೀವರ್‌ನ ಕಡೆಗೆ ಒಂದು ಪಂದ್ಯದಲ್ಲಿ ಎಷ್ಟು ಸಲ ಚೆಂಡು ಎಸೆಯಲಾಗುತ್ತಿದೆ, ರನ್ನಿಂಗ್ ಬ್ಯಾಕ್‌ಗೆ ಎಷ್ಟು ಸಲ ಚೆಂಡು ಸಿಗುತ್ತಿದೆ, ತಂಡದ ಒಟ್ಟು ಆಟದಲ್ಲಿ ಅವನು ಎಷ್ಟು ಹೊತ್ತು ಮೈದಾನದಲ್ಲಿದ್ದಾನೆ. ಪ್ರತಿ ಕ್ಯಾಚಿಗೆ ಒಂದು ಅಂಕ, ಹತ್ತು ಗಜಕ್ಕೆ ಒಂದು ಅಂಕ, ಟಚ್‌ಡೌನ್‌ಗೆ ಆರು ಅಂಕ ಕೊಡುವ ಲೀಗಿನಲ್ಲಿ, ಐದು ಕ್ಯಾಚಿನಿಂದ 50 ಗಜ ಮತ್ತು ಒಂದು ಟಚ್‌ಡೌನ್ ಗಳಿಸಿದವನಿಗೆ 16 ಅಂಕ. ಎಂಟು ಕ್ಯಾಚಿನಿಂದ 75 ಗಜ ಗಳಿಸಿ ಟಚ್‌ಡೌನ್ ಇಲ್ಲದವನಿಗೆ 15.5 ಅಂಕ. ಆ ವಾರದ ಪಟ್ಟಿಯಲ್ಲಿ ಇಬ್ಬರೂ ಸಮಾನರಂತೆ ಕಾಣುತ್ತಾರೆ, ಆದರೆ ಮುಂದಿನ ವಾರ ಟಚ್‌ಡೌನ್ ಬಾರದಿದ್ದರೆ ಮೊದಲನೆಯವನು ಹತ್ತಕ್ಕೆ ಇಳಿಯುತ್ತಾನೆ. ಸತತ ಮೂರು ವಾರ ಟಚ್‌ಡೌನ್ ಗಳಿಸಿ ಎಲ್ಲರ ಬಾಯಲ್ಲಿರುವ, ಆದರೆ ಚೆಂಡು ಅಪರೂಪಕ್ಕೆ ಸಿಗುವ ಆಟಗಾರನನ್ನು ಕೊಡಲು ಅದೇ ಸಕಾಲ. ಹೊಸಬರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮೊದಲ ವರ್ಷದ ಆಟಗಾರರಿಗೆ ಋತುವಿನ ಉತ್ತರಾರ್ಧದಲ್ಲಿ ಹೆಚ್ಚು ಹೊಣೆ ಸಿಗುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಸಿನ್ಸಿನಾಟಿಯ ಜಮಾರ್ ಚೇಸ್ ತಮ್ಮ ಮೊದಲ ಋತುವಿನ 17ನೇ ವಾರದಲ್ಲಿ, 2022ರ ಜನವರಿ 2ರಂದು, ಕ್ಯಾನ್ಸಸ್ ಸಿಟಿ ವಿರುದ್ಧ 11 ಕ್ಯಾಚ್, 266 ಗಜ ಮತ್ತು ಮೂರು ಟಚ್‌ಡೌನ್ ಗಳಿಸಿದ್ದರು. ಅದು ಬಹಳಷ್ಟು ಲೀಗುಗಳ ಫೈನಲ್ ವಾರವಾಗಿತ್ತು.

15ರಿಂದ 17ನೇ ವಾರಗಳ ಎದುರಾಳಿಗಳನ್ನು ನೋಡುವುದು ಒಳ್ಳೆಯದೇ, ಆದರೆ ಅದಕ್ಕೆ ಮಿತಿಮೀರಿದ ಬೆಲೆ ಕೊಡುವವರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಒಂದು ರಕ್ಷಣಾ ಪಡೆ ನವೆಂಬರ್‌ನಲ್ಲಿ ದುರ್ಬಲವಾಗಿದ್ದ ಮಾತ್ರಕ್ಕೆ ಡಿಸೆಂಬರ್‌ನಲ್ಲೂ ಹಾಗೇ ಇರುತ್ತದೆ ಎನ್ನಲಾಗದು. ಇಬ್ಬರು ಆಟಗಾರರು ಸರಿಸಮ ಎನಿಸಿದಾಗ ತೀರ್ಮಾನಕ್ಕೆ ಎದುರಾಳಿಯ ಪಟ್ಟಿ ಸಾಕು. ಹವಾಮಾನವೂ ಅಷ್ಟೆ: ಬಫಲೋ, ಗ್ರೀನ್ ಬೇ, ಕ್ಲೀವ್‌ಲೆಂಡ್‌ನಂಥ ತೆರೆದ ಮೈದಾನಗಳಲ್ಲಿ ಡಿಸೆಂಬರ್‌ನ ಬಲವಾದ ಗಾಳಿ ಎಸೆತಕ್ಕೂ ಕಿಕ್‌ಗೂ ತೊಡಕು ಮಾಡುತ್ತದೆ, ಡೆಟ್ರಾಯಿಟ್, ಮಿನ್ನಿಯಾಪೊಲಿಸ್, ನ್ಯೂ ಆರ್ಲಿಯನ್ಸ್‌ನ ಚಾವಣಿ ಇರುವ ಮೈದಾನಗಳಲ್ಲಿ ಆ ಚಿಂತೆ ಇಲ್ಲ. ಕಿಕರ್‌ಗಾಗಿ ಮತ್ತು ರಕ್ಷಣಾ ಪಡೆಗಾಗಿ ಟ್ರೇಡ್ ಮಾಡಲೇಬೇಡಿ, ಅವು ಆಯಾ ವಾರದ ಎದುರಾಳಿಯನ್ನು ನೋಡಿ ಹೊರಗಿನಿಂದಲೇ ದೊರೆಯುತ್ತವೆ. ಫೈನಲ್ ಅನ್ನು 18ನೇ ವಾರಕ್ಕೆ ಇಟ್ಟಿರುವ ಲೀಗಾಗಿದ್ದರೆ, ಸ್ಥಾನ ಖಚಿತವಾದ ತಂಡಗಳು ಆಗ ತಾರೆಯರಿಗೆ ವಿಶ್ರಾಂತಿ ಕೊಡುತ್ತವೆ ಎಂಬುದನ್ನು ಗಮನಿಸಿ, ಎನ್‌ಎಫ್‌ಎಲ್‌ನ ಪ್ಲೇಆಫ್ ಸ್ಥಾನಕ್ಕಾಗಿ ಕೊನೆಯವರೆಗೂ ಹೋರಾಡುವ ತಂಡಗಳ ಆಟಗಾರರನ್ನು ಆರಿಸಿಕೊಳ್ಳಬೇಕು.

ಪ್ರಸ್ತಾಪ ಕಳಿಸುವ ಬಗೆಯೇ ಎಷ್ಟೋ ಟ್ರೇಡ್‌ಗಳನ್ನು ಕೆಡಿಸುತ್ತದೆ. ಏನೂ ಹೇಳದೆ ಆ್ಯಪ್‌ನಲ್ಲಿ ಒಂದು ಜಿಪುಣ ಪ್ರಸ್ತಾಪವನ್ನು ಒತ್ತಿ ಕಳಿಸಿದರೆ ಎದುರಿನವರಿಗೆ ಅದು ಅವಮಾನದಂತೆ ತೋರುತ್ತದೆ, ಮುಂದಿನ ಮಾತುಕತೆಯ ಬಾಗಿಲೂ ಮುಚ್ಚುತ್ತದೆ. ಮೊದಲು ಅವರ ತಂಡದ ಪಟ್ಟಿ ತೆರೆದು ಕೊರತೆ ಎಲ್ಲಿದೆ ಎಂದು ನೋಡಿ, ನಂತರ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆಯಿರಿ: "ಅಣ್ಣ, 12ನೇ ವಾರ ನಿಮ್ಮ ಇಬ್ಬರು ರನ್ನಿಂಗ್ ಬ್ಯಾಕ್‌ಗಳಿಗೂ ಬೈ ಇದೆ. ನನ್ನಲ್ಲಿ ಒಬ್ಬ ಹೆಚ್ಚಿದ್ದಾನೆ, ನನಗೆ ರಿಸೀವರ್ ಬೇಕು. ನಿಮಗೆ ಯಾರನ್ನು ಬಿಡಲು ಮನಸ್ಸಿದೆ ಹೇಳಿ, ಅಲ್ಲಿಂದ ನೋಡೋಣ." ಅವರ ಕಷ್ಟಕ್ಕೂ ಪರಿಹಾರವಿರುವ ಪ್ರಸ್ತಾಪಕ್ಕೆ ಉತ್ತರ ಬಂದೇ ಬರುತ್ತದೆ. ಪ್ಲೇಆಫ್ ಆಸೆ ಕಳೆದುಕೊಂಡ ಸಂಬಂಧಿಯಿಂದ ಒಳ್ಳೆಯ ಆಟಗಾರನನ್ನು ಪುಕ್ಕಟೆಯಾಗಿ ಪಡೆಯುವ ಕೆಲಸವನ್ನು ಮಾತ್ರ ಖಂಡಿತ ಮಾಡಬಾರದು. ಹಾಗೆ ಮಾಡಿದರೆ ವರ್ಷವಿಡೀ ಶ್ರದ್ಧೆಯಿಂದ ಆಡಿದ ಉಳಿದವರಿಗೆ ಅನ್ಯಾಯವಾಗುತ್ತದೆ, ಲೀಗಿನ ಮುಖ್ಯಸ್ಥರು ಅಂಥ ಟ್ರೇಡನ್ನು ತಡೆಯುವುದು ನ್ಯಾಯವೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿರುವುದರಿಂದ, ನಿಮ್ಮ ಲೀಗ್ ಉಚಿತದ್ದಾಗಿಯೇ ಇರಲಿ.

ಟ್ರೇಡ್ ಮುಗಿದ ಮೇಲೆ ಬಂದ ಆಟಗಾರನನ್ನು ಸರಿಯಾದ ಸ್ಥಾನದಲ್ಲಿ ಇರಿಸುವುದು ಉಳಿಯುತ್ತದೆ. ಗುರುವಾರ ರಾತ್ರಿಯ ಪಂದ್ಯ ನಮಗೆ ಶುಕ್ರವಾರ ಬೆಳಗಿನ 6.45ಕ್ಕೆ ಶುರುವಾಗುತ್ತದೆ. ಅದರಲ್ಲಿ ಆಡುವವನನ್ನು ಅವನದೇ ಸ್ಥಾನದಲ್ಲಿ ಇರಿಸಿ, ರನ್ನಿಂಗ್ ಬ್ಯಾಕ್, ರಿಸೀವರ್‌ನಂಥ ಒಂದಕ್ಕಿಂತ ಹೆಚ್ಚು ಸ್ಥಾನದವರು ಕೂರಬಹುದಾದ ಫ್ಲೆಕ್ಸ್ ಜಾಗವನ್ನು ಭಾನುವಾರದವರಿಗೆ ಮೀಸಲಿಡಿ. ಆಗ ಕೊನೆಗಳಿಗೆಯ ಗಾಯದ ಸುದ್ದಿ ಬಂದರೂ ಬದಲಾಯಿಸಲು ಎಡೆಯಿರುತ್ತದೆ. ಪಂದ್ಯಕ್ಕೆ ಒಂದೂವರೆ ಗಂಟೆ ಮೊದಲು ಆಡದವರ ಪಟ್ಟಿ ಪ್ರಕಟವಾಗುತ್ತದೆ. ಭಾನುವಾರದ ಮೊದಲ ಸುತ್ತಿನ ಪಂದ್ಯಗಳು ನಮ್ಮ ರಾತ್ರಿ 11.30ಕ್ಕೆ ಆರಂಭವಾಗುವುದರಿಂದ ಆ ಪಟ್ಟಿಯನ್ನು ಹತ್ತು ಗಂಟೆಗೇ ನೋಡಬಹುದು. ಕರೆಂಟೂ ನೆಟ್‌ವರ್ಕೂ ಕೈಕೊಡುವ ತೋಟದ ಮನೆಗಳಲ್ಲಿರುವವರು, ಅನುಮಾನವಿರುವ ಆಟಗಾರನ ಬದಲು ಖಚಿತವಾಗಿ ಆಡುವವನನ್ನು ಸಂಜೆಯೇ ಇಳಿಸಿಟ್ಟು, ಹತ್ತು ಗಂಟೆಗೆ ನೆಟ್‌ವರ್ಕ್ ಸಿಕ್ಕರೆ ಮಾತ್ರ ಬದಲಾಯಿಸುವುದು ಕ್ಷೇಮ.