ತಿಂದು ನೋಡು, ತಬೆತೆ ಮಿರು

ಹೋದ ಡಿಸೆಂಬರಿನ ಜೆಎಲ್‌ಪಿಟಿಯಲ್ಲಿ (ಜಪಾನಿ ಭಾಷಾ ಪರೀಕ್ಷೆ) ನನ್ನ 14 ವಿದ್ಯಾರ್ಥಿಗಳಲ್ಲಿ 11 ಜನ ಅದರ ಮೊದಲ ಹಂತ ಎನ್‌5 ಪಾಸಾದರು. ಎಲ್ಲರೂ ಕೋಲಾರದ ಡೂಮ್ ಲೈಟ್ ಸರ್ಕಲ್ ಹತ್ತಿರ, ಜೆರಾಕ್ಸ್ ಅಂಗಡಿ ಮೇಲಿನ ರೂಮಿನಲ್ಲಿ ಕನ್ನಡದ ಮೂಲಕವೇ ಜಪಾನಿ ಕಲಿತವರು. ‘ಕನ್ನಡ ಹಿಡ್ಕೊಂಡು ಜಪಾನ್‌ಗೆ ಹೋಗ್ತಾರಾ ಸಾರ್?’ ಅಂತ ಹಂಗಿಸಿದ್ದ ಬೆಂಗಳೂರಿನ ಮೇಷ್ಟ್ರಿಗೆ ರಿಸಲ್ಟ್ ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಮೊದಲ ಬ್ಯಾಚನ್ನು ನಾನೂ ಎಲ್ಲರ ಹಾಗೆ ಇಂಗ್ಲಿಷಿನಲ್ಲೇ ನಡೆಸಿದ್ದೆ. ಜಪಾನಿ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ‘ಮದೆ’ಯನ್ನು ಮೇಡ್ ಅಂತ, ‘ಸೊರೆ’ಯನ್ನು ಸೋರ್ ಅಂತ ಓದೋರು. ಕನ್ನಡದಲ್ಲಿ ಕೊನೆಗಿರೋ ಕ್ರಿಯಾಪದವನ್ನು ಇಂಗ್ಲಿಷಿಗೋಸ್ಕರ ಮಧ್ಯಕ್ಕೆ ತಂದು, ಜಪಾನಿಗೋಸ್ಕರ ಮತ್ತೆ ಕೊನೆಗೆ ತಳ್ಳೋದು ಬೇರೆ. ಸೇರಿದವರು ಸುಮಾರು 16, ಹೆಚ್ಚಿನವರು ನರಸಾಪುರದ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡೋ ಹುಡುಗರು. ಪರೀಕ್ಷೆಗೆ ಕೂತವರು 5, ದಾಟಿದವರು 2. ಫೀಸು 4,000, ಅರ್ಧ ಜನ ಎರಡನೇ ಕಂತು ಕಟ್ಟಲೇ ಇಲ್ಲ. ತಿಂಗಳಿಗೆ 6,000 ಬಾಡಿಗೆ, 18,000ದ ಪ್ರೊಜೆಕ್ಟರ್, ಪುಸ್ತಕ ಎಲ್ಲಾ ಸೇರಿ ನಲವತ್ತು ಸಾವಿರದ ಹತ್ತಿರ ಕೈ ಬಿಟ್ಟಿತು. ಪ್ರೊಜೆಕ್ಟರು ಈಗ ತಮ್ಮನ ಮನೇಲಿ ಕ್ರಿಕೆಟ್ ತೋರಿಸ್ತಿದೆ.

ಒಂದು ಮಧ್ಯಾಹ್ನ ಒಬ್ಬ ಹುಡುಗಿ ಡಬ್ಬಿ ತೆಗೆದು ಪಕ್ಕದವಳಿಗೆ ‘ಚಿತ್ರಾನ್ನ ತಿಂದು ನೋಡೇ’ ಅಂದಳು. ನನಗೆ ತಕ್ಷಣ ಹೊಳೆಯಿತು: ತಬೆತೆ ಮಿರು! ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ಹಿಂದಿನ ವಾರ ಇದನ್ನೇ ಇಂಗ್ಲಿಷಿನಲ್ಲಿ ಅರ್ಥ ಮಾಡಿಸೋಕೆ ಅರ್ಧ ಗಂಟೆ ಒದ್ದಾಡಿದ್ದೆ. ಹಾಗೇ ತಬೆತೆ ಶಿಮೌ ಅಂದರೆ ತಿಂದುಬಿಡು, ಕತ್ತೆ ಒಕು ಅಂದರೆ ಕೊಂಡಿಡು. ‘ಕತ್ತೆ’ ಬಂದ ದಿನ ಕ್ಲಾಸು ನಗು ನಿಲ್ಲಿಸಲಿಲ್ಲ, ಆದರೆ ಆ ಪದ ಯಾರೂ ಮರೆಯಲೂ ಇಲ್ಲ. ಶ್ರೀನಿವಾಸಪುರ ಕಡೆಯ ತೆಲುಗು ಮನೆಮಾತಿನವರು ‘ತಿನಿ ಚೂಡು’ ಅಂತ ಬರ್ಕೊಂಡರು. ಅದೂ ಸರಿಯಾಗೇ ಕೂರುತ್ತೆ.

ಎರಡನೇ ಬ್ಯಾಚಿಗೆ ಹುರುಪಿನಲ್ಲಿ ಆರು ವಾರ ಪೂರ್ತಿ ಕನ್ನಡ ಲಿಪಿಯಲ್ಲೇ ಬರೆಸಿದೆ. ಉಚ್ಚಾರಣೆ ಚೆನ್ನಾಗೇ ಬಂತು. ಒಬಸನ್ ಅಂದರೆ ಅತ್ತೆ, ಒಬಾಸನ್ ಅಂದರೆ ಅಜ್ಜಿ. ಕಿತೆ ಅಂದರೆ ಬಂದು, ಕಿತ್ತೆ ಅಂದರೆ ಅಂಚೆಚೀಟಿ. ದೀರ್ಘ, ಒತ್ತಕ್ಷರ ಗೊತ್ತಿರೋರಿಗೆ ಇದೇನು ಮಹಾ? ಆದರೆ ಪರೀಕ್ಷೆಯಲ್ಲಿ ಕನ್ನಡ ಲಿಪಿ ಎಲ್ಲಿರುತ್ತೆ! ಜಪಾನಿನ ಮೂಲ ಲಿಪಿ ಹಿರಗಾನ ಓದೋಕೆ ತಡವರಿಸಿ 12 ಜನರಲ್ಲಿ 4 ಜನ ಮಾತ್ರ ದಾಟಿದರು. ಇನ್ನೊಂದು ಎಡವಟ್ಟು: ವಾಕ್ಯದ ಕೊನೆಗೆ ಬರೋ, ‘ಆಗಿದೆ’ ಅನ್ನೋ ಅರ್ಥದ ಪದವನ್ನು ‘ದೆಸು’ ಅಂತ ಬರೆಸಿದ್ದೆ, ಎಲ್ಲರೂ ಕೊನೆಯ ಉಕಾರ ಪೂರ್ತಿ ಎಳೆಯೋರು. ಈಗ ‘ದೆಸ್’ ಅಂತಲೇ ಬರೆಸ್ತೀನಿ. ಕನ್ನಡ ಲಿಪಿ 12 ದಿನ ಮಾತ್ರ. ಅಷ್ಟರೊಳಗೆ 46 ಹಿರಗಾನ ಮುಗೀಬೇಕು. ಕ, ಸ, ತ, ನ, ಹ, ಮ, ಯ, ರ, ವ ಅಂತ ಅದರ ಕ್ರಮವೂ ನಮ್ಮ ವರ್ಣಮಾಲೆಯದೇ ಚಾಳಿ, ‘ಹ’ ಇರೋ ಜಾಗದಲ್ಲಿ ‘ಪ’ ಅಂದ್ಕೊಂಡರೆ ಆಯ್ತು.

ಹೈಸ್ಕೂಲಿನಲ್ಲಿ ಬೈಸಿಕೊಂಡು ಕಲಿತ ಆದೇಶ ಸಂಧಿ ಇಲ್ಲಿ ಕೈ ಹಿಡಿಯಿತು. ಮಳೆ, ಕಾಲ ಸೇರಿ ಮಳೆಗಾಲ ಆದಂತೆ ತೆ (ಕೈ), ಕಮಿ (ಕಾಗದ) ಸೇರಿ ತೆಗಮಿ, ಅಂದರೆ ಪತ್ರ. ಎಲ್ಲಾ ಕಡೆ ಹೀಗಾಗಲ್ಲ, ಆದರೂ ಕಿವಿ ತಯಾರಾಗುತ್ತೆ.

ನಡುವೆ ಒಂದು ಹುಚ್ಚು ಪ್ರಯೋಗ: ಸಂಖ್ಯೆ ಕಲಿಸೋಕೆ ಟೊಮೆಟೊ ಹರಾಜು. ಮಂಡಿಯಲ್ಲಿ ಕೂಗೋ ಹಾಗೆ ಒಬ್ಬ ಬಾಕ್ಸಿಗೆ 300, ಸಂಬ್ಯಕು! ಇನ್ನೊಬ್ಬ 600, ರೊಪ್ಪ್ಯಕು! 800ಕ್ಕೆ ಹಪ್ಪ್ಯಕು ಬಿಟ್ಟು ‘ಹಚಿಹ್ಯಕು’ ಅಂದರೆ ಮಾಲು ಕೈತಪ್ಪಿತು. ಲಕ್ಷ ಬಂದಾಗ ಮಾತ್ರ ಎಲ್ಲರೂ ಮುಗ್ಗರಿಸಿದರು. ಜಪಾನಿನಲ್ಲಿ ಎಣಿಕೆ ಹತ್ತು ಸಾವಿರದ ಗಂಟಿನಲ್ಲಿ, ಲಕ್ಷ ಅಂದರೆ ಹತ್ತು ‘ಮನ್’. ಕೆಳಗಿನ ಜೆರಾಕ್ಸ್‌ನವನು ಜಗಳ ಅಂದ್ಕೊಂಡು ಮೇಲೆ ಓಡಿ ಬಂದಿದ್ದ.

ಈ ಸಲ ಫೇಲಾದ ಮೂವರಲ್ಲಿ ಒಬ್ಬನಿಗೆ ಒಟ್ಟಿನಲ್ಲಿ ಪಾಸಿಗೆ ಬೇಕಾದ 180ಕ್ಕೆ 80 ದಾಟಿತ್ತು. ಆದರೆ ಕೇಳುವ ಭಾಗದಲ್ಲೇ ಬೇರೆಯಾಗಿ 60ಕ್ಕೆ 19 ಬರಬೇಕು, ಅದು ಬರಲಿಲ್ಲ. ಹಾಗಾಗಿ ಈಗ ಪ್ರತಿ ಕ್ಲಾಸಿನ ಮೊದಲ 15 ನಿಮಿಷ ಬರೀ ಆಡಿಯೋ, ಪುಸ್ತಕ ಮುಚ್ಚಿ.

ಜಪಾನಿಯಲ್ಲಿ ನಾಮಪದಕ್ಕೆ ಹತ್ತೋ ‘ವ’, ‘ಗ’ ಪ್ರತ್ಯಯಗಳ ಗೊಂದಲ ಹೇಗೆ ಬಿಡಿಸ್ತೀನಿ ಅಂತ ಕೇಳಬೇಡಿ, ನನ್ನ ಬಾಡಿಗೆ ಹುಟ್ಟೋದು ಅದರಲ್ಲೇ. ಫೀಸು 7,500 ಮಾಡಿದೀನಿ, ಮುಂಗಡವಾಗೇ. ಕಾಂಜಿ ಅನ್ನೋ ಚೀನೀ ಮೂಲದ ಅಕ್ಷರಗಳಿಗೆ ಮಾತ್ರ ಕನ್ನಡದಿಂದ ನಯಾಪೈಸೆ ಉಪಯೋಗ ಇಲ್ಲ. ಮುಂದಿನ ಹಂತ ಎನ್‌4ಗೆ ಸುಮಾರು 300 ಬೇಕು, ಬಂಗಾರಪೇಟೆಯ ಇಬ್ಬರು ಹುಡುಗೀರು ರೈಲಿನಲ್ಲಿ ಚೀಟಿ ಹಿಡ್ಕೊಂಡು ಉರು ಹೊಡೀತಿದ್ದಾರೆ. ಜುಲೈನಲ್ಲಿ ಗೊತ್ತಾಗುತ್ತೆ.